ಅವನಿಗೂ ಹೇಳುವುದಿತ್ತು

ನಮ್ಮ ಮನೆಯ ಬೀರುವಿನಲ್ಲಿ ಎರಡು ಹಳೆಯ ನೋಟ್‌ಬುಕ್ಕುಗಳಿವೆ. ಒಂದು ನಾನು ಬರೆದದ್ದು. ಇನ್ನೊಂದು, ಮೈಸೂರಿನಲ್ಲಿ ನನ್ನ ಮಗನಿಗೆ ಮಾತಿನ ತರಬೇತಿ ಕೊಡುತ್ತಿದ್ದ ಮೇಡಂ ಬರೆದದ್ದು. ಎರಡೂ ಒಂದೇ ಮಗುವಿನ ಕುರಿತು, ಸುಮಾರು ಒಂದೇ ಕಾಲದಲ್ಲಿ ಬರೆದವು. ಆದರೆ ಮೊದಲ ಕೆಲವು ಪುಟಗಳನ್ನು ಓದಿದವರಿಗೆ ಇವು ಎರಡು ಬೇರೆ ಬೇರೆ ಮಕ್ಕಳ ಕಥೆ ಎನಿಸಿದರೆ ಆಶ್ಚರ್ಯವಿಲ್ಲ.

ನನ್ನ ಪುಸ್ತಕದ ಮೊದಲ ಪುಟದಲ್ಲಿ ಇರುವುದು ಬರೀ ಲೆಕ್ಕ. ಪುಟ್ಟನಿಗೆ ಒಂದೂವರೆ ವರ್ಷವಾಗಿದ್ದಾಗ ಬರುತ್ತಿದ್ದ ಮಾತುಗಳು: ಅಮ್ಮ, ತಾತ, ನೀಯು (ನೀರು), ಕಾಕಾ, ಲೈಟು. ಒಟ್ಟು ಐದು. ಎರಡು ವರ್ಷ ತುಂಬುವ ಹೊತ್ತಿಗೆ ಸೊನ್ನೆ. ಬಂದ ಮಾತು ಎಲ್ಲಿಗೆ ಹೋಯಿತು ಎಂದು ನಮಗೆ ತಿಳಿಯಲಿಲ್ಲ. ಒಂದು ದಿನ ಇತ್ತು, ಇನ್ನೊಂದು ದಿನ ಇರಲಿಲ್ಲ. ಕಳೆದುಹೋದ ದಿನ ಯಾವುದು ಎಂದೂ ನನಗೆ ನೆನಪಿಲ್ಲ. ಆ ವಿಷಯಕ್ಕೆ ನನ್ನನ್ನು ನಾನು ಬಹುಕಾಲ ಬೈದುಕೊಂಡಿದ್ದೇನೆ.

ನಮ್ಮದು ಹಾಸನ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಊರಿನ ಅರ್ಧದಷ್ಟು ಮಕ್ಕಳಿಗೆ ಸಂಧಿ, ಸಮಾಸ ಹೇಳಿಕೊಟ್ಟವಳ ಮಗನಿಗೆ ಮಾತೇ ಬರುವುದಿಲ್ಲ ಎಂದರೆ ಜನ ಸುಮ್ಮನಿರುತ್ತಾರೆಯೇ? ‘ಗಂಡು ಮಕ್ಕಳಿಗೆ ಮಾತು ನಿಧಾನ’ ಎಂದರು ಕೆಲವರು. ‘ಇವನಪ್ಪನೂ ಮೂರು ವರ್ಷ ಬಾಯಿ ಬಿಟ್ಟಿರಲಿಲ್ಲ’ ಎಂದು ಅತ್ತೆ ಸಮಾಧಾನ ಹೇಳಿದರು. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು. ಮನೆದೇವರಿಗೆ ಹರಕೆ ಹೊತ್ತದ್ದಾಯಿತು. ‘ನಾಲಿಗೆ ಕೆಳಗಿನ ಎಳೆ ಬಿಗಿಯಾಗಿರಬೇಕು, ಕತ್ತರಿಸಿದರೆ ಸರಿಹೋಗುತ್ತೆ’ ಎಂದವರೂ ಇದ್ದರು.

ನಮಗೆ ಮೊದಲು ಬಂದ ಅನುಮಾನ ಕಿವಿಯ ಮೇಲೆ. ಹೆಸರು ಹಿಡಿದು ಕೂಗಿದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಚರಪರ ಎಂದರೆ ಪಡಸಾಲೆಯಿಂದ ಓಡಿ ಬರುತ್ತಿದ್ದ. ಮಗುವನ್ನು ಮಲಗಿಸಿ, ತಲೆಗೆ ತಂತಿ ಅಂಟಿಸಿ ಮಾಡುವ ಪರೀಕ್ಷೆ ಮಾಡಿಸಿದೆವು. ಕಿವಿ ಚೆನ್ನಾಗಿದೆ ಎಂದರು. ಸಂತೋಷಪಡಬೇಕಾದ ಸುದ್ದಿ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಕೇಳಿಸಿಯೂ ತಿರುಗುವುದಿಲ್ಲ ಎಂದರೆ ಏನರ್ಥ?

2013ರಲ್ಲಿ, ಅವನಿಗೆ ಮೂರು ತುಂಬುವಾಗ, ಆ ಹೆಸರು ನಮ್ಮ ಕಿವಿಗೆ ಬಿತ್ತು. ಆಟಿಸಂ. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ತನ್ನಲ್ಲೇ ಲೀನವಾಗಿರುವುದು ಎಂಬ ಅರ್ಥ. ಗ್ರೀಕಿನ ಮೂಲ ಪದಕ್ಕೂ ‘ತಾನು’ ಎಂದೇ ಅರ್ಥ. ಈ ಪದವನ್ನು ಇಷ್ಟಪಡಬೇಕೋ ಬೇಡವೋ ನನಗೆ ಈಗಲೂ ಗೊತ್ತಿಲ್ಲ. ನನ್ನ ಮಗ ತನ್ನೊಳಗೇ ಮುಳುಗಿದ್ದ ಎಂಬುದು ನಿಜ. ಆದರೆ ಅವನು ಹೊರಗೆ ಬರಲು ನೋಡುತ್ತಿರಲಿಲ್ಲ ಎಂಬುದು ನಿಜವಲ್ಲ. ಆಗ ಅದು ನನಗೆ ಕಾಣಿಸಲಿಲ್ಲ, ಅಷ್ಟೆ.

ಈ ಸ್ಥಿತಿಯನ್ನು ಮೊದಲು ವಿವರವಾಗಿ ಬರೆದವರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಮುಖ್ಯರು. 1943ರಲ್ಲಿ ಅವರು ಬರೆದದ್ದು 11 ಮಕ್ಕಳ ಬಗ್ಗೆ. ಅವರಲ್ಲಿ ಎಂಟು ಮಕ್ಕಳಿಗೆ ಮಾತು ಬಂದಿತ್ತು, ಮೂವರಿಗೆ ಬಂದಿರಲಿಲ್ಲ. ಮಾತು ಬಂದವರೂ ಅದನ್ನು ಇನ್ನೊಬ್ಬರೊಡನೆ ಸಂಭಾಷಿಸಲು ಬಳಸುತ್ತಿದ್ದದ್ದು ಕಡಿಮೆ. ಆಮೇಲಿನ ಎರಡು ದಶಕ ತಾಯಂದಿರ ಪಾಲಿಗೆ ಕೆಟ್ಟ ಕಾಲ. ತಾಯಿಯ ಪ್ರೀತಿ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತು ಎಂದು ದೊಡ್ಡ ದೊಡ್ಡವರೇ ಬರೆದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ ಪುಸ್ತಕ ಬರೆದು, ಇದು ತಾಯಿಯ ತಪ್ಪಲ್ಲ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸಂಗತಿ ಎಂದು ವಾದಿಸಿದ. ಅವನೂ ಇಂಥ ಮಗುವಿನ ತಂದೆಯೇ. ಆ ವಾದ ಗೆದ್ದು ದಶಕಗಳೇ ಕಳೆದಿವೆ. ಆದರೂ 2013ರಲ್ಲಿ ನಮ್ಮ ಬೀದಿಯಲ್ಲಿ ‘ಅಮ್ಮ ಕೆಲಸಕ್ಕೆ ಹೋಗ್ತಾಳಲ್ಲ, ಅದಕ್ಕೇ ಮಗು ಹಾಗಾಯ್ತು’ ಎಂಬ ಮಾತು ನನ್ನ ಕಿವಿಗೆ ಬೀಳದೆ ಇರಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು ಕಡೆಯಿಂದ ಬಂತು. ಮೊದಲು ನೋಡಿದ ವೈದ್ಯರು ‘ಎರಡೆರಡು ಭಾಷೆ ಬೇಡ, ಮಗುವಿಗೆ ಗೊಂದಲವಾಗುತ್ತೆ. ಮುಂದೆ ಶಾಲೆಗೆ ಇಂಗ್ಲಿಷೇ ತಾನೇ ಬೇಕಾದದ್ದು? ಮನೆಯಲ್ಲೂ ಅದನ್ನೇ ಮಾತಾಡಿ’ ಎಂದರು. ನಾವು ಒಪ್ಪಿದೆವು. ಎಂಟು ತಿಂಗಳು ನಮ್ಮ ಮನೆಯಲ್ಲಿ ‘ಕಮ್’, ‘ಸಿಟ್’, ‘ಈಟ್’, ‘ನೋ’ ಬಿಟ್ಟರೆ ಮಗುವಿನ ಜೊತೆ ಬೇರೆ ಮಾತಿಲ್ಲ. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ಮುದ್ದು ಮಾಡಲು ಬರುವುದಿಲ್ಲ. ಇವರಿಗಂತೂ ಗದರಲೂ ಬರುತ್ತಿರಲಿಲ್ಲ. ಅತ್ತೆಗೆ ಇಂಗ್ಲಿಷ್ ಒಂದಕ್ಷರ ತಿಳಿಯದು. ಮೊದಲ ವಾರ ಮರೆತು ಮಾತಾಡಿಸುತ್ತಿದ್ದರು, ಆಮೇಲೆ ಬಾಯಿಗೆ ಸೆರಗು ಹಿಡಿದುಕೊಳ್ಳುತ್ತಿದ್ದರು. ‘ನನ್ನ ಮಾತಿಂದ ಮಗೀಗೆ ತೊಂದ್ರೆ ಆಗಾದ್ ಬ್ಯಾಡ ಕಣವ್ವ’ ಎಂದು ಒಂದು ದಿನ ಹೇಳಿ, ಅಲ್ಲಿಂದಾಚೆಗೆ ಮೊಮ್ಮಗನೊಡನೆ ಮಾತೇ ನಿಲ್ಲಿಸಿಬಿಟ್ಟರು. ಪಕ್ಕದಲ್ಲಿ ಕೂತು ಬೆನ್ನು ಸವರುವುದು ಮಾತ್ರ. ಮಗುವಿಗೆ ಮಾತು ಬರಲೆಂದು ನಾವು ಮನೆಯನ್ನೇ ಮೂಕವಾಗಿಸಿದ್ದೆವು.

ಆ ವರ್ಷದ ಕೊನೆಗೆ ಯಾರೋ ಮೈಸೂರಿಗೆ ಹೋಗಿ ಎಂದರು. 1960ರ ದಶಕದ ಮಧ್ಯಭಾಗದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆ ಊರಿನಲ್ಲಿದೆ. ಹಾಗಾಗಿ ಮಾತಿನ ತೊಂದರೆಗೆ ತರಬೇತಿ ಕೊಡುವುದನ್ನು ಕಲಿತವರು ಅಲ್ಲಿ ಹಲವರು. ಅಂಥವರಲ್ಲಿ ಒಬ್ಬ ಮೇಡಂ ಹತ್ತಿರ ವಾರಕ್ಕೊಮ್ಮೆ ಹೋಗತೊಡಗಿದೆವು. ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಕಿಟಕಿಯ ಪಕ್ಕ ಪುಟ್ಟ, ಅವನ ಪಕ್ಕ ನಾನು. ಆ ಬಸ್ಸು ನಮ್ಮ ಕಥೆಯಲ್ಲಿ ಎಷ್ಟು ಮುಖ್ಯ ಎಂದು ಆಗ ತಿಳಿದಿರಲಿಲ್ಲ.

ಮೊದಲ ದಿನ ನಾನು ನೋಟ್‌ಬುಕ್ ತೆರೆದು ನನ್ನ ಲೆಕ್ಕ ಒಪ್ಪಿಸಿದೆ. ಮೇಡಂ ಕೇಳಿಸಿಕೊಂಡು, ‘ಮಾತಿನ ಲೆಕ್ಕ ಇರಲಿ. ಅವನಿಗೆ ಏನು ಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?’ ಎಂದು ಕೇಳಿದರು.

‘ಗೊತ್ತಾಗುತ್ತೆ ಮೇಡಂ. ತಾಯಿಗೆ ಗೊತ್ತಾಗಲ್ವಾ? ಅವನು ಅಳೋಕೆ ಮುಂಚೇನೇ ಕೊಟ್ಟುಬಿಡ್ತೀನಿ’ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

‘ಹಾಗಾದ್ರೆ ಅವನು ನಿಮ್ಮನ್ನ ಕೇಳೋದು ಯಾವಾಗ?’

ನನ್ನಲ್ಲಿ ಉತ್ತರವಿರಲಿಲ್ಲ. ಮೇಡಂ ತಮ್ಮ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಆಮೇಲೆ ಓದಿದೆ. ‘ಬೆರಳು ತೋರುವುದಿಲ್ಲ. ತಾಯಿಯ ಕೈ ಹಿಡಿದು ವಸ್ತುವಿನ ಹತ್ತಿರ ಒಯ್ಯುತ್ತಾನೆ. ಮುಖ ನೋಡುವುದಿಲ್ಲ.’ ಮಾತು ಎಷ್ಟಿದೆ ಎಂಬುದು ಎಲ್ಲೋ ಕೊನೆಯ ಸಾಲಿನಲ್ಲಿತ್ತು.

ಅವರು ಬಿಡಿಸಿ ಹೇಳಿದರು. ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನ ಮಗು ಮಾತಿಗೆ ಮುಂಚೆಯೇ ಬೆರಳಿನಿಂದ ಎರಡು ಕೆಲಸ ಮಾಡುತ್ತದೆ. ಒಂದು, ‘ಅದು ಕೊಡು’ ಎಂದು ಕೇಳುವುದು. ಇನ್ನೊಂದು, ‘ಅದನ್ನು ನೋಡು’ ಎಂದು ತೋರಿಸುವುದು. ಆಕಾಶದಲ್ಲಿ ವಿಮಾನ ಕಂಡರೆ ಮಗು ಬೆರಳು ಎತ್ತಿ, ವಿಮಾನವನ್ನೂ ಅಮ್ಮನ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತದೆ. ವಿಮಾನ ಬೇಕೆಂದಲ್ಲ, ಇಬ್ಬರೂ ಸೇರಿ ನೋಡೋಣ ಎಂದು. ಮಾತು ಹುಟ್ಟುವುದು ಈ ನೆಲದಲ್ಲಿ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಈ ಎರಡನೆಯದು ತಡವಾಗಿ ಬರುತ್ತದೆ, ಕೆಲವರಲ್ಲಿ ಬಹಳ ಕಡಿಮೆ ಇರುತ್ತದೆ. ಪುಟ್ಟ ನನ್ನ ಕೈ ಎಳೆದು ಫ್ರಿಜ್ಜಿನ ಬಾಗಿಲಿಗೆ ಇಡುತ್ತಿದ್ದನಲ್ಲ, ಅಲ್ಲಿ ನನ್ನ ಕೈ ಅವನಿಗೆ ಬಾಗಿಲು ತೆರೆಯುವ ಉಪಕರಣ. ಅದೂ ಒಂದು ಬಗೆಯ ಹೇಳುವಿಕೆಯೇ. ಅಲ್ಲಿಂದಲೇ ಮುಂದಕ್ಕೆ ಹೋಗಬೇಕು.

ಮೊದಲ ಮನೆಪಾಠ ಅವನಿಗಲ್ಲ, ನನಗೆ. ಬಿಸ್ಕತ್ತಿನ ಡಬ್ಬಿಯನ್ನು ಕಣ್ಣಿಗೆ ಕಾಣುವಂತೆ, ಕೈಗೆ ಸಿಗದಂತೆ ಮೇಲಿಡಬೇಕು. ಅವನು ಬಂದಾಗ ತಕ್ಷಣ ಕೊಡದೆ, ಅವನೆದುರು ಕುಕ್ಕರುಗಾಲಿನಲ್ಲಿ ಕೂತು ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು. ಕಣ್ಣು, ಕೈ, ಒಂದು ಸದ್ದು, ಏನೇ ಬರಲಿ, ಕೂಡಲೇ ಕೊಡಬೇಕು. ತಂದೆತಾಯಿಗೇ ಹೀಗೆ ತರಬೇತಿ ಕೊಡುವ ಕ್ರಮವನ್ನು ಕೆನಡಾದಲ್ಲಿ 1975ರಲ್ಲಿ ಶುರುವಾದ ಹ್ಯಾನೆನ್ ಕೇಂದ್ರ ಬೆಳೆಸಿತು. ನೋಡು, ಕಾಯು, ಕೇಳು ಎಂಬ ಮೂರು ಸೂತ್ರ ಅವರದು. ಹೇಳಲು ಸುಲಭ. ಹಸಿದ ಮಗುವಿನೆದುರು ಹತ್ತು ಎಣಿಸುವುದು ಎಷ್ಟು ದೀರ್ಘವೆಂದು ಮಾಡಿದವರಿಗೇ ಗೊತ್ತು.

ಎರಡನೆಯ ಪ್ರಶ್ನೆ ಭಾಷೆಯದು. ‘ಮನೆಯಲ್ಲಿ ಯಾಕೆ ಇಂಗ್ಲಿಷ್?’ ಎಂದು ಮೇಡಂ ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ‘ನಿಮಗೆ ಸಲೀಸಾಗಿ ಬರೋ ಭಾಷೆಯಲ್ಲೇ ಮಾತಾಡಿ. ಇವತ್ತೇ ಮನೆಗೆ ಹೋಗಿ ಅಜ್ಜಿಗೂ ಮಾತಾಡೋಕೆ ಹೇಳಿ’ ಎಂದರು. ಕೆನಡಾದ ಮಕ್ಕಳನ್ನು ಗಮನಿಸಿ 2012ರಲ್ಲಿ ಪ್ರಕಟವಾದ ಅಧ್ಯಯನಗಳೂ ಅನಂತರದ ಇನ್ನೂ ಹಲವು ಅಧ್ಯಯನಗಳೂ ಇದನ್ನೇ ಹೇಳುತ್ತವೆ: ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳ ಮಾತು, ಒಂದೇ ಭಾಷೆ ಕೇಳಿದವರಿಗಿಂತ ಹಿಂದೆ ಬಿದ್ದದ್ದು ಕಂಡುಬಂದಿಲ್ಲ. ಅಂದು ರಾತ್ರಿ ಅತ್ತೆಗೆ ವಿಷಯ ತಿಳಿಸಿದಾಗ ಅವರು ಏನೂ ಹೇಳಲಿಲ್ಲ. ಎದ್ದು ಹೋಗಿ ಪುಟ್ಟನ ಪಕ್ಕ ಕೂತು ‘ಉಂಡ್ಯಾ ಮಗಾ?’ ಎಂದರು. ಎಂಟು ತಿಂಗಳ ಮೇಲೆ ಆಡಿದ ಮೊದಲ ಮಾತು. ಅವನು ತಿರುಗಿ ನೋಡಲಿಲ್ಲ. ಅವರು ಮತ್ತೆ ಕೇಳಿದರು. ಆಮೇಲೆ ದಿನಾ ಕೇಳಿದರು.

ಆಮೇಲೆ ಚಿತ್ರದ ಕಾರ್ಡು ಬಂದವು. ಬೇಕಾದ ವಸ್ತುವಿನ ಚಿತ್ರವನ್ನು ಮಗು ಎತ್ತಿ ಎದುರಿನವರ ಕೈಗೆ ಕೊಟ್ಟರೆ, ಅವರು ಆ ವಸ್ತು ಕೊಡಬೇಕು. ಅಮೆರಿಕದ ಡೆಲವೇರ್‌ನಲ್ಲಿ 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ ಪದ್ಧತಿ ಇದು. ನಮ್ಮ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ‘ಮಾತು ಕಲಿಸಿ ಅಂತ ಕರ್ಕೊಂಡು ಹೋದ್ರೆ ಚೀಟಿ ಕೊಡೋದು ಕಲಿಸ್ತಿದ್ದಾರೆ. ಇನ್ನು ಅವನು ಬಾಯಿ ಬಿಡ್ತಾನಾ?’ ಎಂದು ಇವರು ಕೂಗಾಡಿದರು. ನನಗೂ ಒಳಗೊಳಗೇ ಅದೇ ಭಯ. ಎಲ್ಲ ತಂದೆತಾಯಿಗಳಿಗೂ ಈ ಭಯ ಇರುತ್ತದಂತೆ. ಇದಕ್ಕೆ ಆಧಾರವಿಲ್ಲ. ಆ ಹೊತ್ತಿಗೆ ನಡೆದಿದ್ದ ಸಂಶೋಧನೆಗಳನ್ನೆಲ್ಲ ಒಟ್ಟುಹಾಕಿ ನೋಡಿದ 2008ರ ಒಂದು ಸಮೀಕ್ಷೆಯಲ್ಲಿ, ಚಿತ್ರ, ಸಂಜ್ಞೆಗಳ ಬಳಕೆಯಿಂದ ಮಾತು ನಿಂತುಹೋದದ್ದು ಕಾಣಲಿಲ್ಲ. ಬದಲಿಗೆ ಕೆಲವು ಮಕ್ಕಳಲ್ಲಿ ಮಾತು ಸ್ವಲ್ಪ ಹೆಚ್ಚಾಗಿತ್ತು.

ಮೂರನೆಯ ವಾರ ಪುಟ್ಟ ಒಬ್ಬನೇ ನಡೆದು ಬಂದು, ಪೇಪರು ಓದುತ್ತಿದ್ದ ತನ್ನಪ್ಪನ ಕೈಗೆ ಬಾಳೆಹಣ್ಣಿನ ಚಿತ್ರ ತುರುಕಿದ. ಮೊದಲ ಬಾರಿಗೆ, ವಸ್ತುವಿನ ಹತ್ತಿರ ಹೋಗುವ ಬದಲು ಮನುಷ್ಯನ ಹತ್ತಿರ ಬಂದಿದ್ದ. ಜಗಳ ಅಂದಿಗೆ ಮುಗಿಯಿತು. ಮನೆಯಲ್ಲಿ ಬಾಳೆಹಣ್ಣು ಖಾಲಿಯಾಗಿತ್ತು. ಇವರು ಸೈಕಲ್ ಹತ್ತಿ ಓಡಿದರು.

ಮುಂದಿನ ವರ್ಷ ಮಾತು ಬರತೊಡಗಿತು. ಆದರೆ ಅದು ಅವನ ಮಾತಾಗಿರಲಿಲ್ಲ, ನಮ್ಮದೇ ಮಾತು. ಬಾಯಾರಿದರೆ ‘ನೀರು ಬೇಕಾ?’ ಎಂದು ನನ್ನದೇ ರಾಗದಲ್ಲಿ ಕೇಳುತ್ತಿದ್ದ. ಹೊರಗೆ ಹೋಗಬೇಕಾದರೆ ‘ಹೋಗ್ತೀಯಾ?’ ಎನ್ನುತ್ತಾ ತಾನೇ ಚಪ್ಪಲಿ ಮೆಟ್ಟುತ್ತಿದ್ದ. ಕ್ಯಾನರ್ 1943ರಲ್ಲೇ ಇದನ್ನು ಗುರುತಿಸಿದ್ದರು. ಈ ಮಕ್ಕಳು ಕೇಳಿದ್ದನ್ನು ಇಡಿಯಾಗಿ ಹಿಡಿದು ಹಾಗೇ ಒಪ್ಪಿಸುವುದರಿಂದ ‘ನಾನು’ ಇರಬೇಕಾದ ಕಡೆ ‘ನೀನು’ ಉಳಿದುಬಿಡುತ್ತದೆ. ವ್ಯಾಕರಣ ಕಲಿಸುವ ನನಗೆ ಇಲ್ಲಿ ಒಂದು ಸಂಗತಿ ಹೊಳೆಯಿತು. ನಮ್ಮ ಭಾಷೆಯಲ್ಲಿ ನಾನು, ನೀನು ಪ್ರತ್ಯೇಕ ಪದವಾಗಿ ಬರಲೇಬೇಕೆಂದಿಲ್ಲ, ಕ್ರಿಯಾಪದದ ಬಾಲದಲ್ಲಿ ಅಡಗಿ ಕೂತಿರುತ್ತವೆ. ‘ಹೋಗ್ತೀಯಾ’ ಎಂಬುದನ್ನು ‘ಹೋಗ್ತೀನಿ’ ಮಾಡಲು ಮಗು ಆ ಬಾಲವನ್ನು ಕತ್ತರಿಸಿ ಬೇರೆಯದು ಜೋಡಿಸಬೇಕು. ಇದಕ್ಕೆ ಮೇಡಂ ಹೇಳಿದ ಉಪಾಯ ಸರಳ. ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿ, ಅವನ ಬಾಯಲ್ಲಿ ಬರಬೇಕಾದ ಮಾತನ್ನೇ ನೀವು ಹೇಳಿ. ಲೋಟ ಕೊಡುವಾಗ ‘ನೀರು ಬೇಕು’ ಎನ್ನಿ, ಚಪ್ಪಲಿ ಹಾಕುವಾಗ ‘ಹೋಗ್ತೀನಿ’ ಎನ್ನಿ.

ಹೀಗೆ ಅವರು ಹೇಳುವುದು, ನಾನು ಮಾಡುವುದು ನಡೆದಿತ್ತು. ಆದರೆ ಅವರ ಪುಸ್ತಕದಲ್ಲಿ ಒಂದು ಸಾಲು ಪದೇ ಪದೇ ಬರುತ್ತಿತ್ತು: ‘ಸಂದರ್ಭಕ್ಕೆ ಸಂಬಂಧವಿಲ್ಲದ ಮಾತು. ಅರ್ಥವಿಲ್ಲದ ಪುನರುಚ್ಚಾರ.’ ಒಂದು ದಿನ ಪಕ್ಕದ ಕೋಣೆಯಲ್ಲಿ ಯಾರೋ ಗೋಡೆ ಕೊರೆಯುತ್ತಿದ್ದರು. ಪುಟ್ಟ ಕಿವಿ ಮುಚ್ಚಿಕೊಂಡು ‘ಹೋಲ್ಡಾನ್, ಹೋಲ್ಡಾನ್’ ಎಂದು ಕೂಗತೊಡಗಿದ. ಮೇಡಂ ಪೆನ್ನು ಎತ್ತಿಕೊಂಡು ಅದೇ ಸಾಲು ಬರೆಯಹೊರಟರು. ನಾನು ತಡೆದೆ.

‘ಮೇಡಂ, ಅದು ಬಸ್ ಕಂಡಕ್ಟರ್ ಹೇಳೋದು. ಬಸ್ ನಿಲ್ಲಿಸಬೇಕಾದ್ರೆ ಹೋಲ್ಡಾನ್ ಅಂತಾರೆ. ಹೊರಡಬೇಕಾದ್ರೆ ರೈಟ್ ರೈಟ್ ಅಂತಾರೆ. ಮನೆಯಲ್ಲಿ ಮಿಕ್ಸಿ ಹಾಕಿದ್ರೂ ಇವನು ಹೋಲ್ಡಾನ್ ಅಂತಾನೆ. ಸದ್ದು ನಿಲ್ಲಿಸಿ ಅಂತ ಹೇಳ್ತಿದ್ದಾನೆ.’

ಮೇಡಂ ನನ್ನನ್ನೇ ನೋಡಿದರು. ಹೋದ ವಾರ ಪಾಠದ ಮಧ್ಯೆ ಅವನು ‘ರೈಟ್, ರೈಟ್’ ಎಂದು ಕುರ್ಚಿಯಿಂದ ಜಾರಿದ್ದು, ತಾವು ಹಿಡಿದು ಕೂರಿಸಿದ್ದು, ಅವನು ತಲೆ ಚಚ್ಚಿಕೊಂಡು ಅತ್ತದ್ದು ಅವರಿಗೆ ನೆನಪಾಗಿರಬೇಕು. ‘ಸಾಕು, ಹೊರಡೋಣ ಅಂದಿದ್ದ, ಅಲ್ವಾ?’ ಎಂದರು. ಆ ಸಾಲನ್ನು ಹೊಡೆದುಹಾಕಿ, ಕೆಳಗೆ ಬರೆದರು: ‘ನಿಲ್ಲಿಸಲು ಕೇಳುತ್ತಾನೆ. ಹೊರಡಲು ಕೇಳುತ್ತಾನೆ. ತಾಯಿ ತಿಳಿಸಿದ್ದು.’

ಇಂಥ ಮರುನುಡಿಗಳಿಗೆ ಉದ್ದೇಶವಿರುತ್ತದೆ ಎಂದು ಬ್ಯಾರಿ ಪ್ರಿಜಾಂಟ್ ಮೊದಲಾದವರು 1980ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟಿದ್ದರು. ಅದಕ್ಕೂ ಹಿಂದೆ, 1946ರಲ್ಲಿ, ಕ್ಯಾನರ್ ಒಬ್ಬ ಹುಡುಗನ ಬಗ್ಗೆ ಬರೆದಿದ್ದರು. ಆ ಹುಡುಗ ಸಂದರ್ಭವಿಲ್ಲದೆ, ನಾಯಿಯನ್ನು ಮಹಡಿಯಿಂದ ಎಸೆಯಬಾರದು ಎಂಬರ್ಥದ ಮಾತು ಆಡುತ್ತಿದ್ದ. ಅಲ್ಲಿ ನಾಯಿಯೂ ಇಲ್ಲ, ಮಹಡಿಯೂ ಇಲ್ಲ. ವಿಚಾರಿಸಿದರೆ, ಹಿಂದೊಮ್ಮೆ ಅವನು ಹೋಟೆಲಿನ ಮಹಡಿಯಿಂದ ಆಟದ ನಾಯಿಯನ್ನು ಪದೇ ಪದೇ ಎಸೆದಾಗ ತಾಯಿ ಬೇಸತ್ತು ಗದರಿದ ಮಾತು ಅದು. ಅಂದಿನಿಂದ ಏನನ್ನಾದರೂ ಎಸೆಯಬೇಕೆನಿಸಿದಾಗ ತನ್ನನ್ನು ತಡೆದುಕೊಳ್ಳಲು ಅದನ್ನೇ ಹೇಳಿಕೊಳ್ಳುತ್ತಿದ್ದ. ಈ ಗುಟ್ಟು ಎಷ್ಟೇ ಓದಿದ ವೈದ್ಯರಿಗೂ ತಾನಾಗಿ ಹೊಳೆಯುವಂಥದ್ದಲ್ಲ. ಆ ದಿನ ಅಲ್ಲಿದ್ದ ತಾಯಿಯೇ ಹೇಳಬೇಕು. ಹಾಗೆಯೇ, ನಾನು ಕಾಯದೆ ಎಲ್ಲವನ್ನೂ ಕೈಗಿಡುತ್ತಿದ್ದೇನೆ ಎಂಬುದು ನನಗೆ ತಾನಾಗಿ ಹೊಳೆಯುವಂಥದ್ದಾಗಿರಲಿಲ್ಲ. ಹೊರಗಿನಿಂದ ನೋಡಿದ ಮೇಡಂ ಹೇಳಬೇಕಾಯಿತು. ಅಂದಿನಿಂದ ನಾವಿಬ್ಬರೂ ಪುಸ್ತಕ ಅದಲುಬದಲು ಮಾಡಿಕೊಂಡು ಓದತೊಡಗಿದೆವು.

ಎಲ್ಲ ಕಡೆಯೂ ಹೀಗಾಗಲಿಲ್ಲ. ಹಾಸನಕ್ಕೆ ಹತ್ತಿರವೆಂದು ಇನ್ನೊಂದು ಕಡೆ ಸೇರಿಸಿದ್ದಾಗ, ಗಲ್ಲ ಹಿಡಿದೆತ್ತಿ ‘ಲುಕ್ ಅಟ್ ಮಿ’ ಎನ್ನುತ್ತಿದ್ದರು. ನೋಡಿದರೆ ಒಂದು ಚಿಪ್ಸು. ಪುಟ್ಟ ಚಿಪ್ಸನ್ನು ನೋಡುವುದು ಕಲಿತ. ದೊಡ್ಡವರಾದ ಆಟಿಸಂ ವ್ಯಕ್ತಿಗಳು ಬರೆದದ್ದನ್ನು ಆಮೇಲೆ ಓದಿದೆ. ಕಣ್ಣಿಗೆ ಕಣ್ಣಿಟ್ಟರೆ ಎದುರಿನವರ ಮಾತು ಕೇಳಿಸಿಕೊಳ್ಳುವುದೇ ಕಷ್ಟ ಎಂದು ಹಲವರು ಹೇಳುತ್ತಾರೆ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮಾತು ಎತ್ತಿದರು: ಅವರಿಗೆ ನಾವು ಅರ್ಥವಾಗದಷ್ಟೇ ನಮಗೂ ಅವರು ಅರ್ಥವಾಗುತ್ತಿಲ್ಲ, ತೊಡಕು ಎರಡೂ ಕಡೆಯದು. ಹೋಲ್ಡಾನ್ ಎಂದು ಕೂಗುತ್ತಿದ್ದ ಮಗುವನ್ನು ನೆನೆದರೆ ಇದು ಸರಿ ಎನಿಸುತ್ತದೆ.

ಪುಟ್ಟನ ಮೀಸೆ ಈಗ ಚಿಗುರುತ್ತಿದೆ. ಪವಾಡವೇನೂ ಆಗಿಲ್ಲ. ಮೂರು ನಾಲ್ಕು ಪದಗಳ ವಾಕ್ಯ ಮಾತಾಡುತ್ತಾನೆ, ಬೇಕಾದ್ದನ್ನು ಕನ್ನಡದಲ್ಲಿ ಬರೆದು ತೋರಿಸುತ್ತಾನೆ. ‘ಶಾಲೆಯಲ್ಲಿ ಏನಾಯ್ತು?’ ಎಂದರೆ ಇವತ್ತಿಗೂ ಉತ್ತರವಿಲ್ಲ. ಇಷ್ಟು ಬಂದದ್ದೂ ಎಲ್ಲರಿಗೂ ಬರುವುದಿಲ್ಲ. ಈ ಮಕ್ಕಳಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿಗೆ, ಬಹುಶಃ ಅದಕ್ಕೂ ಹೆಚ್ಚು ಮಂದಿಗೆ, ಬಾಯಿಮಾತು ಬಹಳ ಕಡಿಮೆಯಾಗಿಯೇ ಉಳಿಯುತ್ತದೆ. ಅವರಿಗೆ ಚಿತ್ರವೋ ಬರಹವೋ ಟ್ಯಾಬ್ಲೆಟ್ಟೋ ಮಾತಾಗಬೇಕು.

ಸಣ್ಣ ಮಕ್ಕಳಿರುವ ತಂದೆತಾಯಿಗಳಿಗೆ ಒಂದು ಮಾತು. ಒಂದು ವರ್ಷಕ್ಕೆ ತೊದಲು, ಕೈಸನ್ನೆ ಇಲ್ಲದಿದ್ದರೆ, 16 ತಿಂಗಳಿಗೆ ಒಂದೂ ಪದ ಇಲ್ಲದಿದ್ದರೆ, ಎರಡು ವರ್ಷಕ್ಕೆ ತಾನಾಗಿ ಎರಡು ಪದ ಜೋಡಿಸದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ಹೊರಟುಹೋದರೆ, ‘ಗಂಡು ಮಕ್ಕಳು ನಿಧಾನ’ ಎಂದು ಕೂರಬೇಡಿ. ತೋರಿಸಿ. ತೋರಿಸಲು ಹೋದಾಗ ಮಗುವಿನ ಬಗ್ಗೆ ನಿಮಗೆ ಗೊತ್ತಿರುವುದನ್ನು ಬರೆದುಕೊಂಡು ಹೋಗಿ, ಎಷ್ಟೇ ಕ್ಷುಲ್ಲಕ ಎನಿಸಿದರೂ.

ವಿದ್ಯಾರ್ಥಿಗಳಿಗೂ ಒಂದು ಮಾತಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಇಂಥ ಮಕ್ಕಳು ನಿಮ್ಮ ತರಗತಿಯಲ್ಲೇ ಕೂತು ಕಲಿಯುವುದು ಅವರ ಹಕ್ಕು. ಪಕ್ಕದ ಬೆಂಚಿನವನು ನೀವು ಕೇಳಿದ್ದನ್ನೇ ತಿರುಗಿ ಹೇಳಿದರೆ ನಕ್ಕುಬಿಡಬೇಡಿ. ಸಣ್ಣ ವಾಕ್ಯದಲ್ಲಿ ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಪುಟ್ಟನ ತರಗತಿಯ ಒಬ್ಬ ಹುಡುಗ ಊಟದ ಗಂಟೆಯಾದಾಗ ‘ರೈಟ್ ರೈಟ್’ ಎನ್ನುತ್ತಾನೆ. ಪುಟ್ಟ ಎದ್ದು ಅವನ ಹಿಂದೆ ಹೋಗುತ್ತಾನೆ. ಆ ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

2019ರ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿಯುವವರೆಗೂ ಪುಟ್ಟ ಅಳಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ‘ಪಾಪ, ಅದಕ್ಕೇನು ತಿಳಿಯುತ್ತೆ’ ಎಂದು ಬಂದವರು ಮಾತಾಡಿಕೊಂಡರು. ನೆಂಟರೆಲ್ಲ ಹೋದ ಮೇಲೆ ಒಂದು ರಾತ್ರಿ ನೀರು ಕುಡಿಯಲೆಂದು ಎದ್ದೆ. ಅತ್ತೆಯ ಮಂಚದ ಪಕ್ಕ ಪುಟ್ಟ ನೆಲದ ಮೇಲೆ ಕೂತು, ಖಾಲಿ ಹಾಸಿಗೆಯನ್ನು ಸವರುತ್ತಿದ್ದ. ಅತ್ತೆಯದೇ ಧ್ವನಿ, ಅತ್ತೆಯದೇ ರಾಗ.

‘ಉಂಡ್ಯಾ ಮಗಾ?’ ಎಂದು ಕೇಳುತ್ತಿದ್ದ.

ನಾನು ಪಕ್ಕದಲ್ಲಿ ಕೂತೆ. ಬೆಳಿಗ್ಗೆ ಎದ್ದು, ಅದನ್ನು ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟೆ.